ಆರೋಗ್ಯ ಪತ್ರದ ಏಳನೇ ಸಾಲು

2 ಡಿಸೆಂಬರ್ 2024, ಸೋಮವಾರ

ಇಂದು ನಾನೂರ ಹನ್ನೆರಡು ಟಗರುಗಳ ಬಾಯಿಗೆ ಕೈ ಹಾಕಿದೆ. ಹಲ್ಲು, ಒಸಡು, ಕಣ್ಣು, ಗೊರಸಿನ ಸಂದು, ಜ್ವರ. ಸೊಂಟ ಬಿದ್ದುಹೋಗಿದೆ. ಸಂಜೆ ದೇವದುರ್ಗದಿಂದ ರಾಯಚೂರಿನ ಬಸ್ಸು ಹತ್ತಿದಾಗ ಪಕ್ಕದಲ್ಲಿ ಕೂತಿದ್ದಾಕೆ ಮೂಗಿಗೆ ಸೆರಗು ಹಿಡಿದು ಕಲ್ಮಲದಲ್ಲಿ ಎದ್ದು ಬೇರೆ ಸೀಟಿಗೆ ಹೋದಳು. ಹೋಗಲಿ, ಕಾಲು ಚಾಚಲು ಜಾಗವಾಯಿತು.

ಮಾನ್ವಿಯ ಅಕ್ಕಿ ಗಿರಣಿ ಮಾಲೀಕರು ವಿರೂಪಣ್ಣ. ಕೊಲ್ಲಿ ದೇಶಕ್ಕೆ ಜೀವಂತ ಕುರಿ ಕಳಿಸುವ ಪರವಾನಗಿ ಅವರದು. ಕುರಿಗಳು ಮಾತ್ರ ನಮ್ಮ ಸಿದ್ದನಕುಂಟಿ ಸುತ್ತಿನ ಅರವತ್ತೆರಡು ಹೆಂಗಸರವು. ದಲ್ಲಾಳಿಗಳಿಗೆ ಕೊಟ್ಟು ಕೊಟ್ಟು ಸಾಕಾಗಿದ್ದ ಆ ಹೆಂಗಸರನ್ನು ಸಂಘ ಮಾಡಿಸಿ, ವಿರೂಪಣ್ಣನವರ ಮುಂದೆ ಕೂರಿಸಿ, ಒಪ್ಪಿಸಿದವಳು ನಾನು. ಎರಡು ವರ್ಷದ ಓಡಾಟ. ನನ್ನ ದವಾಖಾನೆಯ ಸುತ್ತಿನಿಂದ ಸಮುದ್ರ ದಾಟುವ ಮೊದಲ ಹಿಂಡು ಇದು.

ವಿರೂಪಣ್ಣ ಕುರಿಗಳನ್ನು ಕೂಡಿಹಾಕಿದ ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ಡಾಕ್ಟ್ರೇ, ಒಂದೊಂದೇ ಮುಟ್ಟಿ ನೋಡಿದ್ರ ಹೊತ್ತು ಮುಣಗ್ತದರೀ. ಹಿಂಡಿಗೆ ಹಿಂಡು ಒಂದು ನೋಟ ನೋಡಿ ಬಿಡ್ರಿ" ಎಂದರು.

"ಮುಟ್ಟಲಾರದ ಕುರಿಗೆ ನಾ ಸಹಿ ಮಾಡಂಗಿಲ್ರಿ."

"ಇಂಥಾ ಡಾಕ್ಟ್ರನ್ನ ಕಟಗೊಂಡ್ರ ನನ್ನ ಕುರಿ ಹಡಗಿನಾಗ ಅಲ್ಲ, ಮುಪ್ಪಿನಾಗ ಹೋಗ್ತಾವ" ಎಂದು ನಕ್ಕರು. ನಾನೂ ನಕ್ಕೆ. ಇಪ್ಪತ್ಮೂರು ಟಗರು ವಾಪಸ್ ಕಳಿಸಿದೆ. ಉಳಿದ ಮುನ್ನೂರ ಎಂಬತ್ತೊಂಬತ್ತರ ಕಿವಿಗೆ ಹಳದಿ ಬಿಲ್ಲೆ ಹೊಡೆದು ನಂಬರ್ ಬರೆದುಕೊಂಡೆವು. ಇನ್ನು ಮೂವತ್ತು ದಿನ ಇವು ಈ ಶೆಡ್ಡಿನಲ್ಲೇ, ಹೊರಗಿನ ಒಂದು ಕುರಿಯನ್ನೂ ಮೂಸದೆ ಇರಬೇಕು.

6 ಡಿಸೆಂಬರ್

ಹಿರೇಬೇನೆ ಲಸಿಕೆ ಐನೂರು ಡೋಸ್ ಬಂತು. ಒಂದು ಕುರಿಗೆ ಹತ್ತಿದರೆ ಇಡೀ ಹಿಂಡನ್ನೇ ಒಯ್ಯುವ ರೋಗ ಅದು. ಶೆಡ್ಡಿಗೆ ನಾನೂರು ಹೋಯಿತು, ಉಳಿದ ನೂರನ್ನು ಊರ ಆಡುಗಳಿಗೆ ಹಾಕಿದೆವು. ಹೊಳೆಯಾಚೆ ಮೇಯಿಸಲು ಹೋದ ಹಿಂಡುಗಳು ಮರಳಿದ ಮೇಲೆ ಅವಕ್ಕೆ ಬೇರೆ ತರಿಸಿದರಾಯಿತು.

ನನ್ನ ಸಹಾಯಕ ಜಹೀರುದ್ದೀನ್ ರಕ್ತ ತೆಗೆದರು. ನಿವೃತ್ತಿಗೆ ಎರಡು ವರ್ಷವಿದೆ, ಕೈ ಒಂದಿಷ್ಟೂ ನಡುಗುವುದಿಲ್ಲ. ಕುರಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿ ಸೂಜಿ ಹಾಕುತ್ತಾರೆ. ಏನು ಹೇಳುತ್ತೀರಿ ಎಂದರೆ, "ಅರಬ್ಬರ ದೇಶಕ್ಕ ಹೊಂಟೀಯಲ್ಲ, ಸಲಾಂ ಹೇಳೋದು ಕಲಿಸಾಕತ್ತೀನ್ರಿ ಮೇಡಮ್ಮರ" ಎನ್ನುತ್ತಾರೆ.

ರಾತ್ರಿ ಪತ್ರದ ನಮೂನೆಯನ್ನು ಮತ್ತೆ ಓದಿದೆ. ನಾನು ಕೊಡುವ ಆರೋಗ್ಯ ಪತ್ರವನ್ನು ನೋಡಿ ಬಂದರಿನ ಅಧಿಕಾರಿಗಳು ಕೊನೆಯ ಪತ್ರ ಕೊಡುತ್ತಾರೆ. ಒಟ್ಟು ಒಂಬತ್ತು ಸಾಲು. ಏಳನೆಯದು ಹೀಗೆ: ಈ ಕುರಿಗಳನ್ನು ಇರಿಸಿದ ಜಾಗದ ಸುತ್ತ ಹತ್ತು ಕಿಲೋಮೀಟರಿನೊಳಗೆ ಕಳೆದ ಆರು ತಿಂಗಳಲ್ಲಿ ಹಿರೇಬೇನೆ ಕಂಡುಬಂದಿರುವುದಿಲ್ಲ. ಸುಲಭದ ಸಾಲು.

18 ಡಿಸೆಂಬರ್

ಬರೆದು ಎಷ್ಟೋ ದಿನವಾಯಿತು. ಎಲ್ಲ ಸರಿಯಿದ್ದಾಗ ಬರೆಯಲು ಏನಿರುತ್ತದೆ?

ರಕ್ತದ ವರದಿ ಬಂತು. ಮುನ್ನೂರ ಎಂಬತ್ತೊಂಬತ್ತರಲ್ಲಿ ಒಂದಕ್ಕೂ ದೋಷವಿಲ್ಲ! ಸಂಘದ ಕಾರ್ಯದರ್ಶಿ ಸೌಭಾಗ್ಯಳಿಗೆ ಹೇಳಿದಾಗ ಅವಳು ಶೆಡ್ಡಿನ ಮುಂದೆಯೇ ನನ್ನ ಎರಡೂ ಕೈ ಹಿಡಿದು ಕುಣಿದಳು. "ಅಕ್ಕಾರ, ನಮ್ಮ ಟಗರು ಇಮಾನ ಹತ್ತತಾವೇನ್ರಿ?" "ಹಡಗು ಹತ್ತತಾವ." "ನಾವಂತೂ ಹತ್ತಲಿಲ್ಲ, ಅವಾದ್ರೂ ಹತ್ತಲಿ ಬಿಡ್ರಿ." ಗಂಡನಿಲ್ಲದ ಹೆಂಗಸು, ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೂ ಒಪ್ಪಿಸಿದವಳು. ಅವಳು ನಕ್ಕರೆ ನನಗೆ ಹೊಟ್ಟೆ ತುಂಬುತ್ತದೆ.

21 ಡಿಸೆಂಬರ್, ಶನಿವಾರ

ಕೈ ಮೂರು ಸಲ ಸೋಪು ಹಚ್ಚಿ ತೊಳೆದೆ.

ಬೆಳಿಗ್ಗೆ ದವಾಖಾನೆಯ ಕಟ್ಟೆಯ ಮೇಲೆ ಅಯ್ಯಮ್ಮ ಕೂತಿದ್ದಳು. ಬೂದೆಪ್ಪನ ಹೆಂಡತಿ. ಇಬ್ಬರದೂ ಸೇರಿ ನೂರ ಹತ್ತು ಕುರಿಯ ಒಂದೇ ಹಿಂಡು. ಹೊಳೆಯಾಚೆಯಿಂದ ಮರಳಿ ವಾರವಾಗಿದೆಯಂತೆ. ಸೆರಗಿನ ಗಂಟು ಬಿಚ್ಚಿ ಐದು ಕಿವಿಗಳನ್ನು ನನ್ನ ಮೇಜಿನ ಮೇಲಿಟ್ಟಳು. ಸಾವಿನ ಲೆಕ್ಕಕ್ಕೆ ಸತ್ತ ಕುರಿಯ ಬಿಲ್ಲೆಯನ್ನು ಕಿವಿ ಸಮೇತ ತಂದು ತೋರಿಸಬೇಕೆಂದು ನಾವೇ ಕಲಿಸಿದ್ದು. ಐದು ಹಳೆಯ ಬಿಲ್ಲೆ, ಐದು ಒಣಗಿದ ಕಿವಿ.

"ಮೂರು ದಿನದಾಗ ಐದು ಹೋದ್ವು ಯವ್ವಾ. ಇನ್ನ ಹನ್ನೊಂದು ತಲಿ ಇಳಿಬಿಟ್ಟಾವ. ನಮ್ಮ ಮುದುಕ ಹಿರೇಬ್ಯಾನಿ ಅಂತಾನ. ನೀ ಬಂದು ನೋಡು, ನೀ ಅಂದದ್ದ ಖರೇ."

ಜಹೀರುದ್ದೀನರ ಬೈಕಿನ ಹಿಂದೆ ಕೂತು ಹೋದೆ. ಹಟ್ಟಿಗೆ ಇನ್ನೂ ಅರ್ಧ ಫರ್ಲಾಂಗ್ ಇರುವಾಗಲೇ ದಾರಿಯ ಮಗ್ಗುಲಲ್ಲಿ ನೆಟ್ಟ ಗಳಕ್ಕೆ ಬೇವಿನ ತಪ್ಪಲು ಕಟ್ಟಿದ್ದು ಕಂಡಿತು. ಇವರಲ್ಲಿ ಅದು ಬೇನೆ ಬಿದ್ದ ಹಿಂಡಿನ ಗುರುತು. ಅದನ್ನು ಕಂಡ ಬೇರೆ ಕುರಿಗಾರ ಮಾತಿಲ್ಲದೆ ತನ್ನ ಹಿಂಡನ್ನು ತಿರುಗಿಸಿಕೊಂಡು ಹೋಗುತ್ತಾನೆ. ತಪ್ಪಲು ಇರುವ ತನಕ ಹಟ್ಟಿಯವರೂ ಜಾಗ ಬಿಟ್ಟು ಕದಲುವುದಿಲ್ಲ, ಊರ ಕೆರೆಗೆ ಕುರಿ ಇಳಿಸುವುದಿಲ್ಲ, ನೀರನ್ನು ಹೊತ್ತು ತಂದು ಕುಡಿಸುತ್ತಾರೆ. ನಮ್ಮ ಇಲಾಖೆಯ ಸುತ್ತೋಲೆಯಲ್ಲಿ ಎರಡು ಪುಟ ಬರೆದಿರುವುದನ್ನು ಇವರು ಒಂದು ಟೊಂಗೆಯಲ್ಲಿ ಮುಗಿಸಿದ್ದಾರೆ.

ಒಂದು ಮರಿಯ ಬಾಯಿ ತೆರೆದೆ. ಕಣ್ಣಲ್ಲಿ ಪಿಸುರು, ಮೂಗಿನಲ್ಲಿ ಗಟ್ಟಿ ಸಿಂಬಳ, ಒಸಡಿನ ಮೇಲೆ ತೌಡು ಮೆತ್ತಿದಂಥ ಪದರ, ಹಿಂದೆ ಭೇದಿ. ಮತ್ತು ಆ ವಾಸನೆ. ಹಿರೇಬೇನೆ. ಹದಿನಾರು ವರ್ಷದ ನೌಕರಿ, ಕಣ್ಣು ಕಟ್ಟಿ ನಿಲ್ಲಿಸಿದರೂ ಹೇಳಬಲ್ಲೆ. ಬೂದೆಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಜಹೀರುದ್ದೀನ್ ಮೂಗಿನ ಸಿಂಬಳ, ರಕ್ತ ತೆಗೆದುಕೊಂಡರು.

ಶೆಡ್ಡಿನಿಂದ ಈ ಹಟ್ಟಿಗೆ ನಾಲ್ಕು ಕಿಲೋಮೀಟರ್. ಬರುವಾಗ ಬೈಕಿನ ಮೀಟರ್ ನೋಡಿದೆ.

"ನಾಳಿದ್ದು ಹೇಳ್ತೀನಿ" ಎಂದು ಬಂದೆ.

22 ಡಿಸೆಂಬರ್, ಭಾನುವಾರ, ರಾಯಚೂರು

ಶಿವರಾಜರು ಮೂರು ಸಲ ಊಟಕ್ಕೆ ಕರೆದರು. ಮೂರನೇ ಸಲ ಸಿಡುಕಿದೆ. ಪಾಪ, ಗಂಡನಾದ ತಪ್ಪಿಗೆ ತಟ್ಟೆ ಹಿಡಿದುಕೊಂಡು ನಿಂತಿದ್ದರು.

ಲೆಕ್ಕ ಸರಳ. ನಾನು ರೆಜಿಸ್ಟರಿನಲ್ಲಿ ಹಿರೇಬೇನೆ ಎಂದು ಬರೆದರೆ ಏಳನೇ ಸಾಲು ಸುಳ್ಳಾಗುತ್ತದೆ, ಮುನ್ನೂರ ಎಂಬತ್ತೊಂಬತ್ತು ಕುರಿ ನಿಲ್ಲುತ್ತವೆ. ಆರು ತಿಂಗಳು ನಮ್ಮ ಸುತ್ತಿನಿಂದ ಒಂದು ಬಾಲವೂ ಹೊರಗೆ ಹೋಗುವಂತಿಲ್ಲ. ವಿರೂಪಣ್ಣ ಬೇರೆ ಜಿಲ್ಲೆಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಆ ಹೆಂಗಸರು ಮತ್ತೆ ದಲ್ಲಾಳಿಯ ಬಾಗಿಲಿಗೆ.

ಆದರೆ ನನ್ನ ಶೆಡ್ಡಿನ ಕುರಿಗಳಿಗೆ ರೋಗವಿಲ್ಲ! ಲಸಿಕೆ ಹಾಕಿದೆ, ರಕ್ತ ನೋಡಿದೆ, ಹೊರಗಿನ ಕುರಿ ಮೂಸಿಲ್ಲ. ಅವುಗಳಿಂದ ಆ ದೇಶಕ್ಕೆ ಏನೂ ಅಪಾಯವಿಲ್ಲ. ಇದು ನೂರಕ್ಕೆ ನೂರು ಸತ್ಯ. ನಾಲ್ಕು ಕಿಲೋಮೀಟರ್ ಆಚೆ ಒಬ್ಬ ಮುದುಕನ ಹಿಂಡು ಸಾಯುತ್ತಿದೆ ಎಂದು ಇವನ್ನು ಯಾಕೆ ತಡೆಯಬೇಕು?

ಸಂಜೆ ಸೌಭಾಗ್ಯ ಫೋನ್ ಮಾಡಿದಳು. ಯಾರೋ ಸುದ್ದಿ ಮುಟ್ಟಿಸಿದ್ದಾರೆ. "ಅಕ್ಕಾರ, ಏನೇನೋ ಅನ್ನಾಕತ್ತಾರ. ನಮ್ಮವು ಹೋಗ್ತಾವಲ್ರಿ?" ಹೋಗುತ್ತವೆ ಎಂದೆ. ಅಂದ ಮೇಲೆ ಮನಸ್ಸು ಹಗುರಾಯಿತು.

23 ಡಿಸೆಂಬರ್

ರೆಜಿಸ್ಟರಿನಲ್ಲಿ ಬರೆದೆ: ಸಾವಿಗೆ ಕಾರಣ, ಔಷಧಿ ಸಿಂಪಡಿಸಿದ ಹತ್ತಿ ಹೊಲದಲ್ಲಿ ಮೇದದ್ದರಿಂದ ವಿಷಬಾಧೆ ಇರಬಹುದು. ಇರಬಹುದು ಎಂದು ಸೇರಿಸಿದ್ದೇನೆ. ಅವರ ಹಟ್ಟಿಯ ಮೂರೂ ಕಡೆ ಹತ್ತಿಯೇ ಇದೆ, ಸಿಂಪಡಿಸಿಯೂ ಇದ್ದಾರೆ.

ಹಟ್ಟಿಗೆ ಹೋಗಿ ಹೇಳಿದೆ. ಬೂದೆಪ್ಪ ತಲೆ ಆಡಿಸಿದ. "ಹತ್ತಿ ತಿಂದ್ರ ಹೊಟ್ಟಿ ಉಬ್ಬತಾದ ಡಾಕ್ಟ್ರವ್ವ. ಬಾಯಿ ಹಿಂಗ ಆಗಂಗಿಲ್ಲ. ನಮ್ಮಪ್ಪನ ಕಾಲದಾಗಿಂದ ನೋಡೀನಿ."

"ನೀ ಓದೀಯೋ ಆಕಿ ಓದ್ಯಾಳೋ?" ಎಂದು ಅಯ್ಯಮ್ಮ ಗಂಡನ ಮೇಲೆ ಹರಿಹಾಯ್ದಳು. "ಹಿರೇಬ್ಯಾನಿ ಅಲ್ಲಂತ. ಆ ಬೇವು ಬಿಚ್ಚು ಮೊದ್ಲ." ಅವಳ ಮುಖದಲ್ಲಿ ಬಂದ ಕಳೆಯನ್ನು ನೋಡಲಾಗಲಿಲ್ಲ. ಬೂದೆಪ್ಪ ಎದ್ದು ಹೋಗಿ ಗಳದಿಂದ ತಪ್ಪಲನ್ನು ಬಿಚ್ಚಿದ. ನಾನು ಬಿಚ್ಚು ಎಂದು ಹೇಳಲಿಲ್ಲ.

ಜ್ವರಕ್ಕೆ, ಭೇದಿಗೆ ಸೂಜಿ ಹಾಕಿ, ಕುಡಿಸಲು ಔಷಧಿ ಕೊಟ್ಟು ಬಂದೆ. ಹಿರೇಬೇನೆಯಾಗಿದ್ದರೂ ಅದನ್ನೇ ಕೊಡುತ್ತಿದ್ದೆ. ಚಿಕಿತ್ಸೆಯಲ್ಲಿ ಏನೂ ಕೊರತೆ ಮಾಡಿಲ್ಲ.

24 ಡಿಸೆಂಬರ್

ಜಹೀರುದ್ದೀನ್ ಒಳಗೆ ಬಂದು ಬಾಗಿಲು ಎಳೆದುಕೊಂಡು ನಿಂತರು. "ಮೇಡಮ್ಮರ, ಸ್ಯಾಂಪಲ್ ಕಳಿಸ್ಲೇನ್ರಿ?"

"ಫ್ರಿಜ್ಜಿನ್ಯಾಗ ಇರ್ಲಿ."

"ಕಾಗದದಾಗ ಬರಿಬ್ಯಾಡ್ರಿ, ನಾ ಕೇಳಂಗಿಲ್ಲ. ಬಾಯಿಲೆ ಆದ್ರೂ ಹೇಳೋಣಲ್ರಿ. ಬೇವು ಕಟಗೊಂಡು ಕುಂದರ್ರಿ, ಎಲ್ಲೂ ಹೋಗಬ್ಯಾಡ್ರಿ ಅಂತ. ಮುದುಕಗ ಅಷ್ಟು ಅಂದ್ರ ಸಾಕು."

ಅದೂ ಯೋಚಿಸಿದ್ದೆ. ಆದರೆ ಹಟ್ಟಿಯಲ್ಲಿ ಆಡಿದ ಮಾತು ಬರುವ ಸಂತೆಯ ದಿನ ದೇವದುರ್ಗದಲ್ಲಿರುತ್ತದೆ, ಮರುದಿನ ಮಾನ್ವಿಯಲ್ಲಿ. ದವಾಖಾನೆಯವರೇ ಬೇವು ಕಟ್ಟಿಸಿದರು ಎಂದ ಮೇಲೆ ಕಾಗದಕ್ಕೆ ಏನು ಬೆಲೆ? ಎಂಟು ದಿನ ತಡೆಯಿರಿ ಎಂದೆ.

"ಎಂಟು ದಿನ ಬ್ಯಾನಿಗೆ ಹೇಳ್ರಿ, ನನಗ್ಯಾಕ ಹೇಳ್ತೀರಿ" ಎಂದು ಹೋದರು. ಇಷ್ಟು ವರ್ಷದಲ್ಲಿ ಅವರು ನನ್ನೆದುರು ಹೀಗೆ ಮಾತಾಡಿದ್ದು ಇದೇ ಮೊದಲು. ವಯಸ್ಸಾಯಿತು, ಸಿಟ್ಟು ಜಾಸ್ತಿ.

27 ಡಿಸೆಂಬರ್

ಬಸ್ ಕೆಟ್ಟು ಕಲ್ಮಲದಲ್ಲಿ ಒಂದು ತಾಸು ನಿಂತಿದ್ದೆ. ಶೆಡ್ಡಿನ ಕುರಿಗಳು ಆರೋಗ್ಯವಾಗಿವೆ.

ಅಯ್ಯಮ್ಮ ಮತ್ತೆ ಕಿವಿ ತಂದಿದ್ದಳಂತೆ. ನಾನು ಶೆಡ್ಡಿನಲ್ಲಿದ್ದೆ. ಒಂಬತ್ತು.

28 ಡಿಸೆಂಬರ್

ಹಟ್ಟಿ ಖಾಲಿ. ಹತ್ತಿ ಹೊಲದ ಸಹವಾಸವೇ ಬೇಡ ಎಂದು ಬೂದೆಪ್ಪ, ಅಯ್ಯಮ್ಮ ಉಳಿದ ಕುರಿಗಳನ್ನು ಹೊಡೆದುಕೊಂಡು ಗೂಗಲ್ ಊರಿನ ಕಡೆಗೆ, ಹೊಳೆ ದಂಡೆಗೆ ಹೋಗಿದ್ದಾರೆ. ಅಲ್ಲಿ ಹಸಿರು ಹುಲ್ಲಿದೆ, ಔಷಧಿ ಹೊಡೆಯುವವರಿಲ್ಲ. ಪಕ್ಕದ ಹೊಲದವನು ಹೇಳಿದ: "ನೀವ ಹೇಳಿದ್ರಂತಲ್ರಿ, ಹತ್ತಿಯಿಂದ ದೂರ ಹೋಗ್ರಿ ಅಂತ."

ನಾನು ಹಾಗೆ ಹೇಳಿಲ್ಲ. ಹತ್ತಿ ತಿಂದು ಆಗಿರಬಹುದು ಎಂದೆ, ಅಷ್ಟೇ.

ಗೂಗಲ್ ಹೊಳೆ ದಂಡೆಯಲ್ಲಿ ಈ ತಿಂಗಳು ಎಷ್ಟು ಹಿಂಡುಗಳಿರುತ್ತವೆ? ಆರು, ಏಳು. ಎಲ್ಲವೂ ಒಂದೇ ಕಡೆ ನೀರಿಗಿಳಿಯುತ್ತವೆ. ಬೈಕು ತೆಗೆಯಿರಿ ಎಂದು ಜಹೀರುದ್ದೀನರಿಗೆ ಹೇಳಲು ದವಾಖಾನೆಯಿಂದ ಹೊರಗೆ ಬಂದರೆ ಅಲ್ಲಿ ವಿರೂಪಣ್ಣ ಕಾರಿನಿಂದ ಇಳಿಯುತ್ತಿದ್ದರು, ಬಂದರಿನ ಕಾಗದ ಹಿಡಿದುಕೊಂಡು. ಅದು ಮುಗಿಯುವಷ್ಟರಲ್ಲಿ ಕೊನೆಯ ಬಸ್ಸಿನ ಹೊತ್ತಾಯಿತು.

ಗೂಗಲ್ ನಮ್ಮ ಶೆಡ್ಡಿನಿಂದ ಹತ್ತು ಕಿಲೋಮೀಟರಿನ ಆಚೆ ಇದೆ.

30 ಡಿಸೆಂಬರ್

ಎರಡು ದಿನ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ಸ್ಯಾಂಪಲ್ ಕೆಟ್ಟಿದೆ. ಹೂಳಿಸಿದೆ. ಜಹೀರುದ್ದೀನ್ ಹದಿನೈದು ದಿನ ರಜೆ ಬರೆದುಕೊಟ್ಟಿದ್ದಾರೆ. ಕಾರಣದ ಜಾಗದಲ್ಲಿ ಏನೂ ಬರೆದಿಲ್ಲ. ಮಂಜೂರು ಮಾಡಿದೆ.

1 ಜನವರಿ 2025

ಮೂವತ್ತು ದಿನ ತುಂಬಿತು. ಕೈಯಾಳಿಲ್ಲದೆ ಮುನ್ನೂರ ಎಂಬತ್ತೊಂಬತ್ತನ್ನು ಹಿಡಿದು ನಿಲ್ಲಿಸುವವರು ಯಾರು? ಹಿಂಡಿಗೆ ಹಿಂಡು ನೋಡಿದೆ. ಎಲ್ಲ ಚುರುಕಾಗಿವೆ. ಒಂದೂವರೆ ತಾಸಿನಲ್ಲಿ ಮುಗಿಯಿತು. ಒಂಬತ್ತು ಸಾಲಿಗೂ ಗುರುತು ಹಾಕಿ, ಸಹಿ ಮಾಡಿ, ಸೀಲು ಒತ್ತಿದೆ. ವಿರೂಪಣ್ಣ ಹೊಸ ವರ್ಷದ ಪೇಡೆ ತಂದಿದ್ದರು. ಚೆನ್ನಾಗಿದ್ದವು.

3 ಜನವರಿ

ಲಾರಿಗಳು ಹೊರಟವು. ಹೆಂಗಸರು ಟಗರುಗಳ ಹಣೆಗೆ ಭಂಡಾರ ಹಚ್ಚಿ ಕಳಿಸಿದರು. ಒಬ್ಬಾಕೆ ತನ್ನ ಟಗರಿನ ಕೊರಳು ತಬ್ಬಿ ಅತ್ತಳು, ಲಾರಿಯವನು ಬೈದ ಮೇಲೆ ಬಿಟ್ಟಳು. ಸೌಭಾಗ್ಯ ನನ್ನ ಕಾಲು ಮುಟ್ಟಲು ಬಗ್ಗಿದಳು. ಬೇಡ ಎಂದು ಎತ್ತಿದೆ. ಕಣ್ಣು ತುಂಬಿ ಬಂತು. ಎರಡು ವರ್ಷದ ಕೆಲಸ ಇದು, ಯಾರೂ ಕೈ ಹಿಡಿದು ಮಾಡಿಸಿದ್ದಲ್ಲ.

6 ಜನವರಿ

ಗೂಗಲ್ ಕಡೆಯಿಂದ ಒಬ್ಬ ಕುರಿಗಾರ ಬಂದಿದ್ದ. ಅಂಜಿನೇಯ ಎಂದು ಹೆಸರು, ಅವನದೂ ಹೊಳೆ ದಂಡೆಯ ಹಿಂಡೇ. ಚೀಲ ತುಂಬ ಕಿವಿ ತಂದಿದ್ದ. ಮೇಜಿನ ಮೇಲೆ ಸುರಿಯಲು ಹೋದ, ಹೊರಗೇ ಇಡು ಎಂದೆ.

"ನಾಕು ಹಿಂಡಿಗೆ ಹತ್ತೇದ್ರಿ. ಮರಿ ಒಂದೂ ಉಳಿದಿಲ್ಲ. ನೀವು ಬರ್ರಿ."

ಎರಡು ದಿನದಲ್ಲಿ ಬರುತ್ತೇನೆ ಎಂದು ಔಷಧಿ ಕೊಟ್ಟು ಕಳಿಸಿದೆ. ಬಂದರಿನಲ್ಲಿ ಇನ್ನೂ ಕಾಗದ ನೋಡುತ್ತಿದ್ದಾರೆ. ಹತ್ತು ಕಿಲೋಮೀಟರಿನ ಆಚೆಯದೇ ಆದರೂ, ಈ ಹೊತ್ತಿನಲ್ಲಿ ನಮ್ಮ ತಾಲೂಕಿನ ಹೆಸರು ಎಲ್ಲಿಯೂ ಬರಬಾರದು.

9 ಜನವರಿ

ಮಧ್ಯಾಹ್ನ ವಿರೂಪಣ್ಣನವರ ಸಂದೇಶ: ಕುರಿಗಳು ಹಡಗು ಹತ್ತಿದವು. ಒಂದೂ ತಿರಸ್ಕಾರವಾಗಿಲ್ಲ. ಬಂದರಿನ ಅಧಿಕಾರಿ ನಮ್ಮ ಕಾಗದವನ್ನು ನೋಡಿ, ಇಷ್ಟು ಅಚ್ಚುಕಟ್ಟಾಗಿ ಬರೆದದ್ದು ನೋಡಿಲ್ಲ ಎಂದರಂತೆ.

11 ಜನವರಿ, ಶನಿವಾರ

ಗೂಗಲ್ ಹೊಳೆ ದಂಡೆಗೆ ಭೇಟಿ ನೀಡಲಾಯಿತು.

ಒಟ್ಟು ಏಳು ಹಿಂಡು, ಸುಮಾರು ಒಂಬೈನೂರು ಕುರಿ. ಸತ್ತದ್ದು ಮುನ್ನೂರ ನಲವತ್ತಕ್ಕೂ ಹೆಚ್ಚು. ಮರಳಿನಲ್ಲಿ ಗುಂಡಿ ತೋಡಿದ್ದಾರೆ, ಆಳ ಸಾಲದು, ನಾಯಿಗಳು ಎಳೆದಾಡಿವೆ. ಬೂದೆಪ್ಪನ ನೂರ ಹತ್ತರಲ್ಲಿ ಹದಿನೇಳು ಉಳಿದಿವೆ. ಲಕ್ಷಣ ನೋಡಿ ಹಿರೇಬೇನೆ ಎಂದು ಸ್ಥಳದಲ್ಲೇ ಹೇಳಿದೆ. ಇಂದಿನ ತಾರೀಖು ಹಾಕಿ ವರದಿ ಬರೆದೆ. ಸೋಮವಾರ ಲಸಿಕೆ ತರಿಸುತ್ತೇನೆ.

ಬೂದೆಪ್ಪ ಒಂದು ಸತ್ತ ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಎಲ್ಲ ಕುರಿಗಾರರೂ ಸುತ್ತ ನಿಂತಿದ್ದರು. ಅಂಜಿನೇಯ ಅವನ ಹತ್ತಿರ ಹೋಗಿ, "ಬೇವು ಕಟ್ಟಲಾರದ ನಮ್ಮ ನಡುವ ಬಂದು ಇಳಿದಿಯಲ್ಲೋ ಮುದುಕಾ, ನಮ್ಮ ಮನಿ ಹಾಳ ಮಾಡಿದಿ" ಎಂದ. ಬೂದೆಪ್ಪ ತಲೆ ಎತ್ತಿ ನನ್ನ ಕಡೆ ನೋಡಿದ. "ನಾ ಕಟ್ಟಿದ್ದೆ" ಎಂದ, ಅಷ್ಟೇ. ಅಯ್ಯಮ್ಮ ಕೇಳಿದಳು: "ಯವ್ವಾ, ಆವತ್ತ ನಿನಗ ಗೊತ್ತಿತ್ತೇನು?"

ಇಲ್ಲ ಎಂದೆ. ಸತ್ಯವೂ ಅದೇ. ಪರೀಕ್ಷೆಯ ವರದಿಯಿಲ್ಲದೆ ಕಣ್ಣಳತೆಯಲ್ಲಿ ಯಾವ ವೈದ್ಯರೂ ಹಿರೇಬೇನೆ ಎಂದು ಹೇಳಲು ಬರುವುದಿಲ್ಲ. ಸ್ಯಾಂಪಲ್ ಕೆಟ್ಟದ್ದು ಕರೆಂಟಿನಿಂದ.

"ನನಗ ಗೊತ್ತದ, ನೀ ಸುಳ್ಳ ಹೇಳಾಕಿ ಅಲ್ಲ" ಎಂದು ಅವಳು ಗಂಡನ ಕಡೆ ತಿರುಗಿದಳು. "ಕೇಳ್ದೇನು? ಆಕಿ ಮ್ಯಾಲ ಕಣ್ಣು ಕೆಂಪು ಮಾಡಬ್ಯಾಡ. ನಮ್ಮ ಹಣೇಬರಹಕ್ಕ ಆಕಿ ಏನ್ ಮಾಡ್ಯಾಳು?"

ವರದಿಯಲ್ಲಿ ರೋಗದ ಮೂಲ ಎಂಬ ಕಾಲಮ್ಮು ಖಾಲಿ ಬಿಡುವಂತಿಲ್ಲ. ಬರೆದೆ: ಬೂದೆಪ್ಪ ಎಂಬವರ ವಲಸೆ ಹಿಂಡು. ಹೊಳೆಯಾಚೆಯಿಂದ ಸೋಂಕು ತಂದಿರುವ ಸಂಭವ. ದವಾಖಾನೆಗೆ ತಿಳಿಸದೆ ಹಿಂಡನ್ನು ಹೊಳೆ ದಂಡೆಗೆ ಸಾಗಿಸಿದ್ದಾರೆ. ಮಾಲೀಕರ ಹೇಳಿಕೆ ಎಂದು ಹೆಬ್ಬೆಟ್ಟು ಬೇಕು. ಬೂದೆಪ್ಪ ಕೈ ಮುಂದೆ ಮಾಡಲಿಲ್ಲ, ಅಯ್ಯಮ್ಮನೇ ಬಂದಳು.

"ಏನ್ ಬರದೀಯವ್ವಾ ಇದ್ರಾಗ?"

"ಲಸಿಕಿ ಕಳಿಸ್ರಿ ಅಂತ ಬರದೀನಿ."

"ಬೇಸಾತು" ಎಂದು ಹೆಬ್ಬೆರಳು ಕೊಟ್ಟಳು. ಬೆರಳು ಒದ್ದೆಯಾಗಿತ್ತು, ಗುರುತು ಹರಡಿ ಮಸಿಯಾಯಿತು. ಅವಳ ಬೆರಳನ್ನು ನನ್ನ ಕರವಸ್ತ್ರದಿಂದ ಒರೆಸಿ ಎರಡನೇ ಸಲ ಒತ್ತಿಸಿದೆ. ಈ ಸಲ ಚೆನ್ನಾಗಿ ಮೂಡಿತು.

ಏಳು ಗಂಟೆಗೆ ಮನೆಗೆ ಬಂದೆ. ಶಿವರಾಜರು ಜೋಳದ ರೊಟ್ಟಿ, ಪುಂಡಿ ಪಲ್ಯ ಮಾಡಿದ್ದರು. ಎರಡು ರೊಟ್ಟಿ ಉಂಡೆ. ಕಾಗದಪತ್ರ ಎಲ್ಲ ಸರಿಯಾಗಿದೆ. ನಾಳೆ ಭಾನುವಾರ.